ಮೇಯರ್ ಚುನಾವಣೆ ನಡೆಯುತ್ತಿದ್ದರೂ ಶೆಫೀಲ್ಡ್ ಸಿಟಿ ರೀಜನ್ ಆಡಳಿತವನ್ನು ‘ನಿರಾಜಕೀಕರಣ’ ಎನ್ನಬಹುದೇ?

ಓದುಮೇಜು (ಪ್ರಶ್ನೆ)

ಇಂಗ್ಲೆಂಡಿನ ಶೆಫೀಲ್ಡ್ ಸಿಟಿ ರೀಜನ್ ಕುರಿತು ನಾನು ಬರೆಯುತ್ತಿರುವ ಪ್ರಬಂಧದ ವಾದ ಹೀಗಿದೆ. 2010ರ ನಂತರ ಬಂದ ಲೋಕಲ್ ಎಂಟರ್‌ಪ್ರೈಸ್ ಪಾರ್ಟ್‌ನರ್‌ಶಿಪ್ (ಮುಂದೆ ಎಲ್‌ಇಪಿ ಎನ್ನುತ್ತೇನೆ, ವ್ಯಾಪಾರ ವಲಯ ಮುನ್ನಡೆಸುವ ಸ್ಥಳೀಯ ಆರ್ಥಿಕಾಭಿವೃದ್ಧಿ ಮಂಡಳಿ), ಡೆವಲೂಷನ್ ಡೀಲು (ಕೇಂದ್ರದಿಂದ ಹಣ, ಅಧಿಕಾರ ಪಡೆಯುವ ಒಪ್ಪಂದ), ಕಂಬೈನ್ಡ್ ಅಥಾರಿಟಿ (ಹಲವು ಕೌನ್ಸಿಲ್‌ಗಳ ಜಂಟಿ ಪ್ರಾಧಿಕಾರ) ಇವೆಲ್ಲ ಸೇರಿ ನಗರದ ದೊಡ್ಡ ಪ್ರಶ್ನೆಗಳನ್ನು ರಾಜಕೀಯದ ಅಂಗಳದಿಂದ ಮೆಲ್ಲಗೆ ಹೊರಗೆ ಸಾಗಿಸಿದವು, ಅದರ ಪೆಟ್ಟು ಬಡ ಬಡಾವಣೆಗಳ ಮೇಲೆ ಬಿತ್ತು. ಇದಕ್ಕೆ ಮೂರು ಆಕ್ಷೇಪ ಬಂದಿವೆ.

ಒಂದು, 2018ರಿಂದ ಅಲ್ಲಿ ಜನ ನೇರವಾಗಿ ಮೇಯರ್ ಆರಿಸುತ್ತಿದ್ದಾರೆ. ಚುನಾವಣೆ ಹೊಸದಾಗಿ ಬಂದ ಕಡೆ ರಾಜಕೀಯ ಕಡಿಮೆಯಾಯಿತು ಎನ್ನುವುದು ಹೇಗೆ?

ಎರಡು, ಪ್ರಭುತ್ವ ಹಿಂದೆ ಸರಿದು ಮಾರುಕಟ್ಟೆಗೆ ಜಾಗ ಬಿಟ್ಟಿತು ಎಂದು ಒಂದು ಕಡೆ ಬರೆದು, ಕೇಂದ್ರ ಸರ್ಕಾರವೇ ಎಲ್ಲ ನಿಯಂತ್ರಿಸುತ್ತಿದೆ ಎಂದು ಇನ್ನೊಂದು ಕಡೆ ಬರೆದಿದೆ. ಎರಡರಲ್ಲಿ ಯಾವುದು ಸರಿ?

ಮೂರು, ಅಸಮಾನತೆಯ ನಂಟನ್ನು ತೋರಿಸಿಯೇ ಇಲ್ಲ. ಆಡಳಿತ ಬದಲಾಯಿತು, ಬಡತನವೂ ಉಳಿಯಿತು ಎಂದು ಪಕ್ಕಪಕ್ಕ ಇಟ್ಟರೆ ಅದು ವಾದವಾಗುವುದಿಲ್ಲ ಎನ್ನುತ್ತಾರೆ.

ಮೂರನೆಯದು ನ್ಯಾಯವಾದ ಮಾತು ಅನ್ನಿಸುತ್ತಿದೆ. ಸಿದ್ಧಾಂತಕ್ಕಿಂತ ಹೆಚ್ಚಾಗಿ ಯಾವ ದಾಖಲೆ, ಯಾವ ಲೆಕ್ಕ, ಎಲ್ಲಿ ಎಡವುತ್ತಾರೆ ಎಂಬುದನ್ನು ತಿಳಿದವರು ಹೇಳಿ.

---

ಕಡತಪ್ರಿಯ

ಮೊದಲು ಪದದ ವಿಚಾರ. ಕೆಲವರು ‘ಅರಾಜಕೀಕರಣ’ ಅಂತ ಬರೆಯುತ್ತಾರೆ. ಬೇಡ, ಓದುವವರ ತಲೆ ಅರಾಜಕತೆ ಕಡೆ ಓಡುತ್ತದೆ. ನಿಮ್ಮ ನಿರಾಜಕೀಕರಣವೇ ಇರಲಿ.

ಮೊದಲ ಆಕ್ಷೇಪ ಎತ್ತಿದವರು ರಾಜಕೀಯ ಅಂದರೆ ಮತಪೆಟ್ಟಿಗೆ ಎಂದುಕೊಂಡಿದ್ದಾರೆ. ರಾಜ್ಯಶಾಸ್ತ್ರಜ್ಞ ಪೀಟರ್ ಬರ್ನ್‌ಹ್ಯಾಮ್ 2001ರಲ್ಲಿ ನಿರಾಜಕೀಕರಣಕ್ಕೆ ಕೊಟ್ಟ ಅರ್ಥ ಬೇರೆ: ನಿರ್ಧಾರದ ರಾಜಕೀಯ ಗುಣವನ್ನು ಒಂದು ಹೆಜ್ಜೆ ಆಚೆ ಇಡುವುದು. ನಿರ್ಧಾರ ರಾಜಕೀಯದ್ದೇ, ಆದರೆ ಬೈಗುಳ ಬಂದು ತಾಕದಷ್ಟು ದೂರದಲ್ಲಿರುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ 1997ರ ಮೇನಲ್ಲಿ ಬಡ್ಡಿದರ ಬಿಟ್ಟುಕೊಟ್ಟದ್ದು ಎಲ್ಲರೂ ಕೊಡುವ ಉದಾಹರಣೆ. ಬಡ್ಡಿದರ ಬ್ಯಾಂಕಿನದಾಯಿತು, ಹಣದುಬ್ಬರದ ಗುರಿ ಎಷ್ಟೆಂದು ಹೇಳುವ ಹಕ್ಕು ಖಜಾನೆಯಲ್ಲೇ ಉಳಿಯಿತು. ನಿಮ್ಮ ಎರಡನೇ ಆಕ್ಷೇಪಕ್ಕೂ ಉತ್ತರ ಇದರಲ್ಲೇ ಇದೆ. ಪ್ರಭುತ್ವ ಸರಿದೂ ಇಲ್ಲ, ಸುಮ್ಮನೆ ಕೂತೂ ಇಲ್ಲ. ಯಾರು ಏನಕ್ಕೆ ಉತ್ತರ ಹೇಳಬೇಕು ಎಂಬುದನ್ನು ಅದೇ ಹಂಚುತ್ತದೆ, ಹಂಚುವ ಕೆಲಸವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ.

ಈಗ ಶೆಫೀಲ್ಡ್ ಮೇಯರ್. ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. 2012ರ ಮೇ 3ರಂದು ಹಲವು ನಗರಗಳಲ್ಲಿ ನೇರ ಚುನಾಯಿತ ಮೇಯರ್ ಬೇಕೇ ಎಂದು ಜನಮತ ಕೇಳಿದರು. ಶೆಫೀಲ್ಡ್ ಬೇಡ ಎಂದಿತು, ಮ್ಯಾಂಚೆಸ್ಟರ್ ಬೇಡ ಎಂದಿತು, ಅಂದು ಹೊಸದಾಗಿ ಹೂಂ ಎಂದದ್ದು ಬ್ರಿಸ್ಟಲ್ ಒಂದೇ. ಆಮೇಲೆ 2015ರ ಅಕ್ಟೋಬರ್ 2ರಂದು ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಜೊತೆ ಶೆಫೀಲ್ಡ್ ಡೀಲು ಘೋಷಣೆಯಾಯಿತು: 30 ವರ್ಷಕ್ಕೆ 90 ಕೋಟಿ ಪೌಂಡ್. ಷರತ್ತು, ಇಡೀ ಪ್ರದೇಶಕ್ಕೆ ಮೇಯರ್. ಈ ಸಲ ಜನಮತ ಇಲ್ಲ. ನಗರಕ್ಕೆ ಬೇಡವೆಂದ ಹುದ್ದೆ ಅದಕ್ಕಿಂತ ದೊಡ್ಡ ಗಡಿಯಲ್ಲಿ, ಹಣದ ಜೊತೆ ಕಟ್ಟಿಕೊಂಡು ಬಂತು. 2018ರ ಮೇನಲ್ಲಿ ಡ್ಯಾನ್ ಜಾರ್ವಿಸ್ ಗೆದ್ದರು, ಮತದಾನ ಸುಮಾರು 26 ಶೇಕಡಾ. ಆದರೆ ನಾಲ್ಕು ಕೌನ್ಸಿಲ್‌ಗಳ ಒಪ್ಪಿಗೆ ಕೂಡಿಬರದೆ ಡೀಲಿನ ಹಣ, ಅಧಿಕಾರ ಎರಡೂ ಬಂದದ್ದು 2020ರಲ್ಲಿ. ಎರಡು ವರ್ಷ ಚುನಾಯಿತ ಮೇಯರ್ ಇದ್ದರು, ಮೇಯರ್ ಮಾಡಬೇಕಾದ ಕೆಲಸ ಹೆಚ್ಚೇನೂ ಇರಲಿಲ್ಲ. ‘ಚುನಾವಣೆ ಇದೆಯಲ್ಲ’ ಎನ್ನುವವರ ಮುಂದೆ ಈ ಎರಡು ವರ್ಷ ಇಡಿ, ಸಾಕು.

ನಿರಾಜಕೀಕರಣದ ಮೂರು ದಾರಿಗಳನ್ನು ಫ್ಲಿಂಡರ್ಸ್ ಮತ್ತು ಬುಲ್ಲರ್ ಎಂಬ ವಿದ್ವಾಂಸರು ಬಿಡಿಸಿಟ್ಟಿದ್ದಾರೆ: ಸಂಸ್ಥೆಗೆ ದಾಟಿಸುವುದು, ನಿಯಮಕ್ಕೆ ಕಟ್ಟಿಹಾಕುವುದು, ‘ಬೇರೆ ದಾರಿಯೇ ಇಲ್ಲ’ ಎಂದು ಒಪ್ಪಿಸುವುದು. ಶೆಫೀಲ್ಡ್‌ನಲ್ಲಿ ಮೂರೂ ಇವೆ. ಸಂಸ್ಥೆಗೆ ಉದಾಹರಣೆ ಎಲ್‌ಇಪಿ. 2010ರಲ್ಲಿ ಪ್ರಾದೇಶಿಕ ಅಭಿವೃದ್ಧಿ ಏಜೆನ್ಸಿಗಳನ್ನು ಮುಚ್ಚುವುದಾಗಿ ಹೇಳಿ ಅವುಗಳ ಜಾಗಕ್ಕೆ ತಂದ ಮಂಡಳಿಗಳಿವು. ಅಧ್ಯಕ್ಷರು ವ್ಯಾಪಾರ ವಲಯದವರು, ಖಾಸಗಿ ವಲಯದ ಸದಸ್ಯರು ಮತದಾರರಿಗೆ ಉತ್ತರ ಹೇಳಬೇಕಿರಲಿಲ್ಲ. 2018ರ ಸುಧಾರಣೆಯಲ್ಲಂತೂ ಮಂಡಳಿಯ ಮೂರನೇ ಎರಡು ಭಾಗ ಖಾಸಗಿ ವಲಯದವರೇ ಇರಬೇಕು ಎಂದು ಸರ್ಕಾರ ಹೇಳಿತು. ಶೆಫೀಲ್ಡ್ ಎಲ್‌ಇಪಿ ಒಂಬತ್ತು ಸ್ಥಳೀಯ ಕೌನ್ಸಿಲ್‌ಗಳ ಮೇಲೆ ಹರಡಿತ್ತು, 2014ರಲ್ಲಿ ಹುಟ್ಟಿದ ಕಂಬೈನ್ಡ್ ಅಥಾರಿಟಿಯ ಪೂರ್ಣ ಸದಸ್ಯರು ಮಾತ್ರ ನಾಲ್ಕೇ: ಬಾರ್ನ್ಸ್‌ಲಿ, ಡಾನ್‌ಕಾಸ್ಟರ್, ರಾದರಮ್, ಶೆಫೀಲ್ಡ್. ಯಾವ ಗಡಿಯೊಳಗಿನ ಯಾರ ಮತಕ್ಕೆ ಯಾವ ನಿರ್ಧಾರ ಬದ್ಧ ಎಂದು ಒಂದು ನಕ್ಷೆ ಬರೆಯಲು ಹೊರಡಿ, ಗೊಂದಲ ತಾನಾಗಿ ಕಾಣುತ್ತದೆ. ಪ್ರಬಂಧದಲ್ಲಿ ಆ ನಕ್ಷೆ ಇರಲೇಬೇಕು.

---

ಲೆಕ್ಕದ ಪುಸ್ತಕ

ಡೀಲಿನ ಹಣದ ಲೆಕ್ಕ ಮಾಡದೆ ಮುಂದೆ ಹೋಗಬೇಡಿ. 90 ಕೋಟಿ ಎಂದರೆ ಪತ್ರಿಕೆಯ ಮುಖಪುಟದಲ್ಲಿ ದೊಡ್ಡದಾಗಿ ಕಾಣುತ್ತದೆ. 30ರಿಂದ ಭಾಗಿಸಿದರೆ ವರ್ಷಕ್ಕೆ 3 ಕೋಟಿ. 2021ರ ಜನಗಣತಿಯಲ್ಲಿ ನಾಲ್ಕೂ ಕೌನ್ಸಿಲ್‌ಗಳ ಜನ ಸೇರಿ ಸುಮಾರು 13.75 ಲಕ್ಷ. ತಲೆಗೆ ವರ್ಷಕ್ಕೆ ಸುಮಾರು 22 ಪೌಂಡ್.

ಎರಡನೇ ಹಂತ: ಈ 3 ಕೋಟಿ ಬೆಲೆ ಏರಿಕೆಗೆ ತಕ್ಕಂತೆ ಏರುವ ಮೊತ್ತವಲ್ಲ. ವರ್ಷಕ್ಕೆ ಬರೀ 2 ಶೇಕಡಾ ಹಣದುಬ್ಬರ ಹಿಡಿದರೂ ಮೂವತ್ತನೇ ವರ್ಷದ ಕಂತು ಮೊದಲ ವರ್ಷದ ಬೆಲೆಯಲ್ಲಿ 1.7 ಕೋಟಿಗೆ ಇಳಿದಿರುತ್ತದೆ. ಜೊತೆಗೆ ಐದು ವರ್ಷಕ್ಕೊಮ್ಮೆ ಗೇಟ್‌ವೇ ರಿವ್ಯೂ ಎಂಬ ಪರೀಕ್ಷೆ. ಅದರಲ್ಲಿ ಪಾಸಾದರೆ ಮುಂದಿನ ಕಂತು. ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ನೋಡಿ: ಹೂಡಿಕೆಯಿಂದ ಆರ್ಥಿಕ ಬೆಳವಣಿಗೆ ಬಂತೇ ಎಂದು. ಆ ಬೆಳವಣಿಗೆ ಯಾರ ಮನೆ ಸೇರಿತು ಎಂಬ ಪ್ರಶ್ನೆಯ ಮೇಲೆ ಕಂತು ನಿಂತಿಲ್ಲ.

ಮೂರನೇ ಹಂತದಲ್ಲಿ ಎದುರು ಕಲಮ್ಮು ತುಂಬಿ. ಬ್ರಿಟನ್ನಿನ ನ್ಯಾಷನಲ್ ಆಡಿಟ್ ಆಫೀಸ್ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2010–11ರಿಂದ 2017–18ರ ನಡುವೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರದ ಹಣ ನೈಜ ಬೆಲೆಯಲ್ಲಿ 49.1 ಶೇಕಡಾ ಕುಸಿಯಿತು. ಕೌನ್ಸಿಲ್‌ಗಳು ತಾವೇ ಮನೆಗಳ ಮೇಲೆ ಹಾಕುವ ಕೌನ್ಸಿಲ್ ಟ್ಯಾಕ್ಸ್ ಸೇರಿಸಿ ನೋಡಿದರೆ ಒಟ್ಟು ಖರ್ಚಿನ ಶಕ್ತಿ ಕುಸಿದದ್ದು 28.6 ಶೇಕಡಾ. ಈ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಅಸಮಾನತೆಯ ಕಥೆ. ಸ್ವಂತ ತೆರಿಗೆ ಬಲವಿದ್ದ ಕೌನ್ಸಿಲ್ ಆ ಅಂತರ ತುಂಬಿಕೊಂಡಿತು. ಕೇಂದ್ರದ ಅನುದಾನದ ಮೇಲೆ ನಿಂತ, ಅಂದರೆ ಬಡವರು ಹೆಚ್ಚಿರುವ ಕೌನ್ಸಿಲ್‌ಗೆ ಆಗಲಿಲ್ಲ. ಯಾರೂ ‘ಬಡ ಊರುಗಳಿಂದ ಹೆಚ್ಚು ಕೀಳಿ’ ಎಂದು ಆದೇಶ ಹೊರಡಿಸಲಿಲ್ಲ. ಕಡಿತವನ್ನು ಯಾವ ಬಾಬತ್ತಿನ ಮೇಲೆ ಹಾಕಬೇಕೆಂದು ಮಾತ್ರ ನಿರ್ಧರಿಸಿದರು, ಉಳಿದದ್ದನ್ನು ಗಣಿತ ಮಾಡಿತು.

ಇನ್ನೂ ಸ್ಪಷ್ಟವಾದ ಒಂದು ಪ್ರಸಂಗ ಇದೆ, ಯಾಕೋ ಹೆಚ್ಚಿನವರು ಬಿಟ್ಟುಬಿಡುತ್ತಾರೆ. 2013ರ ಏಪ್ರಿಲ್‌ನಲ್ಲಿ ಬಡವರಿಗಿದ್ದ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಯನ್ನು ‘ಸ್ಥಳೀಯ ಯೋಜನೆ’ ಎಂದು ಹೆಸರಿಟ್ಟು ಕೌನ್ಸಿಲ್‌ಗಳಿಗೆ ಹಸ್ತಾಂತರಿಸಿದರು. ಹಸ್ತಾಂತರಿಸುವಾಗಲೇ ಹಣದಲ್ಲಿ 10 ಶೇಕಡಾ ಕತ್ತರಿ. ಪಿಂಚಣಿ ವಯಸ್ಸಿನವರ ರಿಯಾಯಿತಿಯನ್ನು ಮುಟ್ಟುವಂತಿಲ್ಲ ಎಂದು ಕೇಂದ್ರದ ನಿಯಮ. ಲೆಕ್ಕ ಹಾಕಿ: ಒಂದು ಕೌನ್ಸಿಲ್‌ನ ರಿಯಾಯಿತಿ ಮೊತ್ತ 100 ಎಂದಿಟ್ಟುಕೊಳ್ಳಿ, ಅದರಲ್ಲಿ 40 ವೃದ್ಧರದು. ಕತ್ತರಿಸಬೇಕಾದ 10 ಉಳಿದ 60ರ ಮೇಲೆಯೇ ಬೀಳಬೇಕು. ಅಂದರೆ ದುಡಿಯುವ ವಯಸ್ಸಿನ ಬಡವರಿಗೆ ಸುಮಾರು 17 ಶೇಕಡಾ ಕಡಿತ. ವೃದ್ಧರ ಪಾಲು 50 ಆದರೆ ಅದೇ 20 ಶೇಕಡಾ ಆಗುತ್ತದೆ. ತೆರಿಗೆ ನೋಟಿಸ್ ಹೋಗುವುದು ಕೌನ್ಸಿಲ್ ಹೆಸರಿನಲ್ಲಿ. ಜನ ಬಂದು ಗಲಾಟೆ ಮಾಡುವುದೂ ಕೌನ್ಸಿಲ್ ಬಾಗಿಲಲ್ಲಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಎಡವುವ ಜಾಗ: ಡೀಲಿನ ಹಣವನ್ನೂ ಕೌನ್ಸಿಲ್ ಕಡಿತವನ್ನೂ ಕೂಡಿಸಿ ಕಳೆದು ‘ನಿವ್ವಳ ನಷ್ಟ ಇಷ್ಟು’ ಎಂದು ಬರೆಯುವುದು. ಹಾಗೆ ಮಾಡಬೇಡಿ. ಡೀಲಿನ ಬಂಡವಾಳದ ಪಾಲಿನಲ್ಲಿ ರಸ್ತೆ ಕಟ್ಟಬಹುದು, ವೃದ್ಧರನ್ನು ನೋಡಿಕೊಳ್ಳುವವರ ಸಂಬಳ ಕೊಡಲಾಗದು. ಎರಡೂ ಬೇರೆ ಜೇಬು. ಪ್ರತ್ಯೇಕ ಕಲಮ್ಮಿನಲ್ಲೇ ಇಟ್ಟರೆ ನಿಮ್ಮ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

---

ಸಾಲುಮರ

ಮೇಲಿನ ಇಬ್ಬರೂ ಹೇಳದ ನಾಲ್ಕನೇ ದಾರಿ ಒಂದಿದೆ: ಗುತ್ತಿಗೆ ಪತ್ರ. ಅದು ಅರ್ಥವಾಗಬೇಕಾದರೆ ಶೆಫೀಲ್ಡ್‌ನ ಬೀದಿ ಮರಗಳ ಜಗಳವನ್ನು ಓದಿ. ಸಿಟಿ ರೀಜನ್ ಮಟ್ಟದ್ದಲ್ಲ, ನಗರ ಕೌನ್ಸಿಲ್ ಮಟ್ಟದ್ದು. ಆದರೂ ಇದಕ್ಕಿಂತ ಕೈಗೆಟಕುವ ಉದಾಹರಣೆ ಸಿಗುವುದು ಕಷ್ಟ.

2012ರಲ್ಲಿ ಕೌನ್ಸಿಲ್ ರಸ್ತೆ, ಪಾದಚಾರಿ ಹಾದಿ, ದೀಪ, ಮರ ಎಲ್ಲವನ್ನೂ ಸೇರಿಸಿ 25 ವರ್ಷದ ಗುತ್ತಿಗೆಯನ್ನು ಖಾಸಗಿ ಕಂಪನಿಗೆ ಕೊಟ್ಟಿತು. ಮೊತ್ತ ಸುಮಾರು 220 ಕೋಟಿ ಪೌಂಡ್, ಪಿಎಫ್‌ಐ ಮಾದರಿ (ಖಾಸಗಿ ಹಣ ಹಾಕಿಸಿ ಸಾರ್ವಜನಿಕ ಕೆಲಸ ಮಾಡಿಸಿ, ವರ್ಷಗಳ ಕಾಲ ತೀರಿಸುವುದು). 25 ವರ್ಷ ಎಂದರೆ ಎಷ್ಟು ಚುನಾವಣೆ ಬಂದುಹೋಗುತ್ತವೆ ಎಂದು ಎಣಿಸಿ. ಅಷ್ಟೂ ಸಲ ಆರಿಸಿ ಬಂದವರ ಕೈ ಮೊದಲೇ ಕಟ್ಟಿರುತ್ತದೆ.

ಯಾವ ಮರ ಕಡಿಯಬೇಕು ಎಂಬುದಕ್ಕೆ ಇಂಗ್ಲಿಷಿನ ‘ಡಿ’ ಅಕ್ಷರದಿಂದ ಶುರುವಾಗುವ ಆರು ಕಾರಣಗಳಿದ್ದವು: ಸತ್ತದ್ದು, ಸಾಯುತ್ತಿರುವುದು, ರೋಗ ಹಿಡಿದದ್ದು, ಅಪಾಯಕಾರಿ, ಹಾನಿ ಮಾಡುವಂಥದ್ದು, ಗಾಲಿಕುರ್ಚಿ ಮುಂತಾದವಕ್ಕೆ ದಾರಿ ಬಿಡದೆ ಭೇದ ಮಾಡುವಂಥದ್ದು. ಮೊದಲ ನಾಲ್ಕರ ಬಗ್ಗೆ ತಕರಾರು ಕಡಿಮೆ. ಜಗಳ ಹೆಚ್ಚಾಗಿ ಕೊನೆಯ ಎರಡರಲ್ಲಿ, ಅದರಲ್ಲೂ ಐದನೆಯದರಲ್ಲಿ. ಬೇರು ಮೇಲೆದ್ದು ಪಾದಚಾರಿ ಹಾದಿಯ ಅಂಚುಕಲ್ಲು ನಾಲ್ಕು ಬೆರಳು ಸರಿದರೂ ಅದು ‘ಹಾನಿ’. ಗಟ್ಟಿಮುಟ್ಟಾದ ಮರ ಕಡಿಯುವುದೋ, ಅಂಚುಕಲ್ಲನ್ನು ಸ್ವಲ್ಪ ಸುತ್ತು ಹಾಕಿಸಿ ಕೂರಿಸುವುದೋ? ಬೀದಿಯವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕಾದ ರಾಜಕೀಯ ಪ್ರಶ್ನೆ ಇದು. ಉತ್ತರ ಬರುತ್ತಿದ್ದದ್ದು ‘ತಾಂತ್ರಿಕ ಮೌಲ್ಯಮಾಪನ’ ಎಂಬ ಹೆಸರಿನಲ್ಲಿ, ‘ಗುತ್ತಿಗೆಯ ಬಾಧ್ಯತೆ’ ಎಂಬ ಬೀಗದ ಜೊತೆ. ಗುತ್ತಿಗೆಯ ಹಲವು ಪುಟಗಳಿಗೆ ಮಸಿ ಬಳಿದಿತ್ತು. ನಗರದ ಸುಮಾರು 36,000 ಬೀದಿ ಮರಗಳಲ್ಲಿ 17,500 ಬದಲಿಸುವ ಮಾತು ಅದರಲ್ಲಿದೆ ಎಂದು ಹೊರಬಿದ್ದದ್ದು 2018ರಲ್ಲಿ, ಮಾಹಿತಿ ಹಕ್ಕಿನ ಅರ್ಜಿಯಿಂದ.

2016ರ ನವೆಂಬರ್ 17ರಂದು ಬೆಳಕು ಹರಿಯುವ ಮೊದಲೇ ರಸ್ಲಿಂಗ್ಸ್ ರೋಡಿನಲ್ಲಿ ಪೊಲೀಸರ ಜೊತೆ ಬಂದು ಮರ ಕಡಿದರು. ಇಬ್ಬರು ವೃದ್ಧೆಯರನ್ನು ಬಂಧಿಸಿದರು. ಬಳಸಿದ ಕಾನೂನು 1992ರ ಕಾರ್ಮಿಕ ಸಂಘಗಳ ಕಾಯ್ದೆಯ 241ನೇ ಸೆಕ್ಷನ್, ಇನ್ನೊಬ್ಬರ ಕೆಲಸಕ್ಕೆ ಅಡ್ಡಿ ಮಾಡುವುದನ್ನು ತಡೆಯಲು ಇರುವಂಥದ್ದು. ಮೊಕದ್ದಮೆಯನ್ನು ಆಮೇಲೆ ಕೈಬಿಟ್ಟರು. ಪ್ರಭುತ್ವ ಹಿಂದೆ ಸರಿಯಿತೇ ಎಂದು ಕೇಳುವವರಿಗೆ ಈ ಬೆಳಗಿನ ಜಾವ ತೋರಿಸಿ. ನಿರ್ಧಾರ ಗುತ್ತಿಗೆಯೊಳಗೆ ಅಡಗಿತ್ತು, ಲಾಠಿ ಬೀದಿಯಲ್ಲೇ ಇತ್ತು.

ಇದರ ನಡುವೆ ಕೌನ್ಸಿಲ್ ಒಂದು ‘ಸ್ವತಂತ್ರ ಮರ ಸಮಿತಿ’ಯನ್ನೂ ಮಾಡಿತ್ತು. ಉಳಿಸಬಹುದು ಎಂದು ಅದು ಹೇಳಿದ ಮರಗಳಲ್ಲಿ ಬಹುಪಾಲಿನ ವಿಷಯದಲ್ಲಿ ಕೌನ್ಸಿಲ್ ಕಿವಿಗೊಡಲಿಲ್ಲ. ತಜ್ಞರ ಸಮಿತಿ ನೇಮಿಸುವುದೇ ಒಂದು ದೂರ ತಳ್ಳುವ ತಂತ್ರ. ತಳ್ಳಿದ ಮೇಲೆ ಅದು ಬೇಡದ ಉತ್ತರ ಕೊಟ್ಟರೆ ಏನಾಗುತ್ತದೆ ಎಂಬುದು ಇಲ್ಲಿದೆ. 2023ರ ಮಾರ್ಚ್‌ನಲ್ಲಿ ಬಂದ ಲೋಕಾಕ್ ವಿಚಾರಣಾ ವರದಿ ಇದನ್ನೆಲ್ಲ ದಾಖಲಿಸಿದೆ. ನಿಮಗೆ ಬೇಕಾದ ಕಚ್ಚಾ ಸಾಮಗ್ರಿ ಬಹುತೇಕ ಅದರಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ: ದೊಡ್ಡ ಗಲಾಟೆ ಎದ್ದದ್ದು ಹೆಚ್ಚಾಗಿ ಅನುಕೂಲಸ್ಥರ ಬೀದಿಗಳಲ್ಲಿ. ಎದ್ದು ನಿಲ್ಲಲು ಸಮಯ, ವಕೀಲರು, ಬರೆಯುವ ಕೈ ಇದ್ದವರು ಎದ್ದು ನಿಂತರು. ಹೋರಾಟ ಎದ್ದ ಕಡೆಯನ್ನಷ್ಟೇ ನೋಡಿದರೆ ಅಸಮಾನತೆ ನಿಮ್ಮ ಅಧ್ಯಯನದೊಳಗೇ ನುಗ್ಗಿಬಿಡುತ್ತದೆ.

---

ತಕರಾರು

ಎಲ್ಲ ಸರಿ. ಆದರೆ ಈ ಪದ ಈಗ ರಬ್ಬರ್ ಆಗಿದೆ. ಸಮಿತಿ ಮಾಡಿದರೂ ನಿರಾಜಕೀಕರಣ, ಮಾಡದಿದ್ದರೂ ನಿರಾಜಕೀಕರಣ. ಎಲ್ಲವನ್ನೂ ವಿವರಿಸುವ ಪದ ಏನನ್ನೂ ವಿವರಿಸುವುದಿಲ್ಲ. ಎಲ್ಲಿ ಅದು ಸೋತಿತು ಎಂದು ತೋರಿಸಿದರೆ ಮಾತ್ರ ಎಲ್ಲಿ ಗೆದ್ದಿತು ಎಂಬ ಮಾತಿಗೆ ಬೆಲೆ.

ಸೋತ ಕಡೆಗಳು ಬೇಕಾದಷ್ಟಿವೆ. ಪಕ್ಕದ ಡರ್ಬಿಶೈರ್ ಕೌಂಟಿಯ ಚೆಸ್ಟರ್‌ಫೀಲ್ಡನ್ನು ಶೆಫೀಲ್ಡ್ ಡೀಲಿಗೆ ಸೇರಿಸಿಕೊಳ್ಳಲು ಹೊರಟಾಗ ಡರ್ಬಿಶೈರ್ ಕೌಂಟಿ ಕೌನ್ಸಿಲ್ ಕೋರ್ಟಿಗೆ ಹೋಯಿತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಸಾರ್ವಜನಿಕ ಸಮಾಲೋಚನೆಯಲ್ಲಿ ಲೋಪವಿದೆ ಎಂದಿತು. ಲೋಪ ಏನು ಗೊತ್ತೇ? ಚೆಸ್ಟರ್‌ಫೀಲ್ಡ್ ಸೇರಬೇಕೋ ಬೇಡವೋ ಎಂಬ ಪ್ರಶ್ನೆಯನ್ನೇ ನೇರವಾಗಿ ಕೇಳಿರಲಿಲ್ಲ! 2017ರ ಮೇಯರ್ ಚುನಾವಣೆ 2018ಕ್ಕೆ ಹೋದದ್ದು ಹಾಗೆ. ಅಷ್ಟರಲ್ಲಿ ಬಾರ್ನ್ಸ್‌ಲಿ, ಡಾನ್‌ಕಾಸ್ಟರ್ ಕೌನ್ಸಿಲ್‌ಗಳು ಇಡೀ ಯಾರ್ಕ್‌ಶೈರ್‌ಗೆ ಒಂದೇ ಡೀಲು ಬೇಕೆಂದು ತಿರುಗಿ ಬಿದ್ದವು. 2017ರ ಡಿಸೆಂಬರಿನಲ್ಲಿ ಎರಡೂ ಕಡೆ ಜನಾಭಿಪ್ರಾಯ ಕೇಳಿದಾಗ ಸುಮಾರು 85 ಶೇಕಡಾ ಜನ ಅದಕ್ಕೇ ಓಟು ಹಾಕಿದರು. ಕೇಂದ್ರ ಒಪ್ಪಲಿಲ್ಲ, ಅದು ಬೇರೆ ಮಾತು. ಒಮ್ಮತದ ಆಡಳಿತ ಎಂದು ಯಾರಾದರೂ ಬರೆದರೆ ಈ ಮೂರು ವರ್ಷಗಳ ಪತ್ರಿಕೆ ಓದಿಲ್ಲ ಎಂದರ್ಥ.

ಬಸ್ಸಿನ ಕಥೆ ಇನ್ನೂ ಉದ್ದ. 1986ರವರೆಗೆ ಸೌತ್ ಯಾರ್ಕ್‌ಶೈರ್ ಕೌಂಟಿ ಕೌನ್ಸಿಲ್ ಬಸ್ ದರವನ್ನು ತೀರಾ ಕಡಿಮೆ ಇಟ್ಟಿತ್ತು, ಅದೇ ಅದರ ರಾಜಕೀಯ. ಆ ವರ್ಷ ಮಾರ್ಚ್ ಕೊನೆಗೆ ಕೌಂಟಿ ಕೌನ್ಸಿಲ್ಲನ್ನೇ ರದ್ದು ಮಾಡಿದರು, ಅಕ್ಟೋಬರ್ 26ರಂದು ಬಸ್ ಸೇವೆಯನ್ನು ಮಾರುಕಟ್ಟೆಗೆ ಬಿಟ್ಟರು. ದರ ಯಾರು ಏರಿಸಿದರು ಎಂದು ಕೇಳಲು ಅಲ್ಲಿಂದಾಚೆ ಬಾಗಿಲೇ ಇರಲಿಲ್ಲ. 2017ರ ಬಸ್ ಸೇವಾ ಕಾಯ್ದೆ ಮೇಯರ್‌ಗಳಿಗೆ ಫ್ರಾಂಚೈಸಿಂಗ್ ಅಧಿಕಾರ ಕೊಟ್ಟಿತು: ಮಾರ್ಗ, ದರ, ವೇಳಾಪಟ್ಟಿ ಪ್ರಾಧಿಕಾರದ್ದು, ಓಡಿಸುವುದಕ್ಕಷ್ಟೇ ಕಂಪನಿಗೆ ಗುತ್ತಿಗೆ. ಗ್ರೇಟರ್ ಮ್ಯಾಂಚೆಸ್ಟರ್ 2021ರಲ್ಲಿ ನಿರ್ಧರಿಸಿತು, ಬಸ್ ಕಂಪನಿಗಳು ಕೋರ್ಟಿಗೆ ಹೋಗಿ ಸೋತವು, 2023ರ ಸೆಪ್ಟೆಂಬರ್ 24ರಿಂದ ಶುರುವಾಗಿ 2025ರ ಜನವರಿಗೆ ಪೂರ್ತಿಯಾಯಿತು. ಸೌತ್ ಯಾರ್ಕ್‌ಶೈರ್ (ಶೆಫೀಲ್ಡ್ ಸಿಟಿ ರೀಜನ್ ಪ್ರಾಧಿಕಾರದ ಈಗಿನ ಹೆಸರು) 2025ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿಯಲು ನಿರ್ಧರಿಸಿತು. ನೀವು ದೂರುತ್ತಿರುವ ಅದೇ ಮೇಯರ್ ಹುದ್ದೆಯಿಂದ ಇದಾಯಿತು, ಮರೆಯಬೇಡಿ. ಫ್ರಾಂಚೈಸಿಂಗ್ ಬಂದ ಕಡೆ ಬಸ್ ತಡವಾದರೆ ಬೈಯಲು ಒಂದು ಹೆಸರಿರುತ್ತದೆ.

ನನ್ನ ಸಲಹೆ: ‘ನಿರಾಜಕೀಕರಣವಾಯಿತು’ ಎಂದು ಬರೆಯುವುದು ಬಿಟ್ಟು, ಯಾವ ಪ್ರಶ್ನೆ ಯಾವ ವರ್ಷ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಯಾವಾಗ ವಾಪಸ್ ಬಂತು ಎಂದು ಬರೆಯಿರಿ.

---

ಓದುಮೇಜು

ತಕರಾರು ಅವರ ತಕರಾರು ಒಪ್ಪಿದೆ. ಕೌನ್ಸಿಲ್ ಟ್ಯಾಕ್ಸ್ ಪ್ರಸಂಗ ಪ್ರಬಂಧದಲ್ಲಿ ಇರಲೇ ಇಲ್ಲ, ಸೇರಿಸುತ್ತೇನೆ. ಇನ್ನೊಂದು ಪ್ರಶ್ನೆ: ಎಲ್‌ಇಪಿಯ ಯೋಜನೆಗಳನ್ನು ಆರಿಸುವಾಗಲೇ ಬಡ ಬಡಾವಣೆ ಹೊರಗುಳಿಯುತ್ತದೆ ಎನ್ನುತ್ತಾರಲ್ಲ, ಅದು ಕಾಗದದ ಮೇಲೆ ಎಲ್ಲಿ ಕಾಣುತ್ತದೆ? ಮಂಡಳಿ ಸಭೆಯ ನಡಾವಳಿಯಲ್ಲಿ ಹುಡುಕಿದರೆ ಎಲ್ಲವೂ ‘ಅನುಮೋದಿಸಲಾಯಿತು’ ಎಂದೇ ಇದೆ.

---

ಲೆಕ್ಕದ ಪುಸ್ತಕ

ನಡಾವಳಿಯಲ್ಲಿ ಕಾಣುವುದಿಲ್ಲ. ಅಲ್ಲಿಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಯೋಜನೆ ಯಾಕೆ ಬೇಕೆಂದು ಸಮರ್ಥಿಸುವ ಬಿಸಿನೆಸ್ ಕೇಸ್ ಎಂಬ ದಾಖಲೆಯ ಆರ್ಥಿಕ ಅಧ್ಯಾಯ ತೆರೆಯಿರಿ.

ಯೋಜನೆಗಳನ್ನು ತೂಗಿ ನೋಡಲು ಖಜಾನೆ ಕೊಟ್ಟಿರುವ ಕೈಪಿಡಿ ಗ್ರೀನ್ ಬುಕ್ ಪ್ರಕಾರ ಪ್ರತಿ ಯೋಜನೆಗೂ ಲಾಭ–ವೆಚ್ಚ ಅನುಪಾತ ಕಟ್ಟುತ್ತಾರೆ. 1 ಪೌಂಡ್ ವೆಚ್ಚಕ್ಕೆ 2 ಪೌಂಡ್ ಲಾಭ ಎಂದರೆ ಅನುಪಾತ 2. ‘ಲಾಭ’ದ ಕಲಮ್ಮಿನಲ್ಲಿ ಏನೇನು ಕೂರುತ್ತದೆ ನೋಡಿ. ವಸತಿ, ಪುನರಭಿವೃದ್ಧಿ ಯೋಜನೆಗಳಲ್ಲಿ ಮುಖ್ಯವಾದದ್ದು ಜಮೀನಿನ ಬೆಲೆ ಏರಿಕೆ. ಬೆಲೆ ಈಗಾಗಲೇ ಹೆಚ್ಚಿರುವ ಕಡೆ ಮನೆ ಕಟ್ಟಲು ಅನುಮತಿ ಸಿಕ್ಕರೆ ಏರಿಕೆ ದೊಡ್ಡದು. ಹಳೇ ಕಾರ್ಖಾನೆಯ ಮಣ್ಣು ಶುದ್ಧಗೊಳಿಸಬೇಕಾದ, ಬಾಡಿಗೆ ಕಡಿಮೆಯಿರುವ ಕಡೆ ಏರಿಕೆ ಸಣ್ಣದು, ವೆಚ್ಚ ಜಾಸ್ತಿ. ಸಾರಿಗೆಯಲ್ಲಿ ಪ್ರಯಾಣಿಕರಿಗೆ ಉಳಿತಾಯವಾಗುವ ಸಮಯಕ್ಕೆ ಬೆಲೆ ಕಟ್ಟುತ್ತಾರೆ. ಕೆಲಸದ ಅಂಗವಾಗಿ ಮಾಡುವ ಪ್ರಯಾಣದ ಗಂಟೆಗೆ ಹೆಚ್ಚು ಬೆಲೆ, ಆಸ್ಪತ್ರೆಗೆ ಅಂಗಡಿಗೆ ಹೋಗುವವರ ಗಂಟೆಗೆ ಕಡಿಮೆ.

ಸರಿಪಡಿಸುವ ಸಾಧನ ಅದೇ ಪುಸ್ತಕದಲ್ಲಿದೆ, ತಮಾಷೆ ಅದು. ಬಡವರಿಗೆ ಸೇರುವ ಪೌಂಡಿಗೆ ಹೆಚ್ಚು ತೂಕ ಕೊಡುವ ವಿತರಣಾ ತೂಕ ಎಂಬ ಲೆಕ್ಕಕ್ಕೆ ಗ್ರೀನ್ ಬುಕ್ 1.3 ಎಂಬ ಘಾತ ಕೊಟ್ಟಿದೆ. ಮಧ್ಯಮ ಆದಾಯದ ಅರ್ಧದಷ್ಟು ಆದಾಯ ಇರುವವರಿಗೆ ಸೇರುವ 1 ಪೌಂಡಿನ ತೂಕ 2ರ 1.3ನೇ ಘಾತ, ಅಂದರೆ ಸುಮಾರು 2.46 ಪೌಂಡ್. ಇದನ್ನು ಹಾಕಿದರೆ ಯೋಜನೆಗಳ ಸಾಲು ಅದಲುಬದಲಾಗಬಹುದು. ಆದರೆ ಇದು ಎಲ್ಲ ಕಡೆ ಕಡ್ಡಾಯವಲ್ಲ. ಅನುಪಾತದ ಮೇಲೆ ಅತಿಯಾಗಿ ಆತುಕೊಳ್ಳಲಾಗಿದೆ ಎಂದು ಖಜಾನೆಯೇ 2020ರ ನವೆಂಬರಿನ ಪರಿಶೀಲನೆಯಲ್ಲಿ ಒಪ್ಪಿಕೊಂಡಿದೆ. ನೀವು ಮಾಡಬೇಕಾದ್ದು: ತಿರಸ್ಕೃತವಾದ ಒಂದು ಯೋಜನೆ, ಅನುಮೋದಿತವಾದ ಒಂದು ಯೋಜನೆ ತೆಗೆದುಕೊಂಡು ಫಲಾನುಭವಿಗಳ ಆದಾಯ ಅಂದಾಜಿಸಿ, ತೂಕ ಹಾಕಿ ಮತ್ತೆ ಲೆಕ್ಕ ಮಾಡಿ. ಸಾಲು ತಿರುಗಿದರೆ ನಿಮ್ಮ ಮೂರನೇ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ತಿರುಗದಿದ್ದರೆ ಅದನ್ನೂ ಬರೆಯಿರಿ.

---

ಕಡತಪ್ರಿಯ

ಮೇಲಿನದಕ್ಕೆ ಒಂದು ಜೋಡಣೆ. ಅಸಮಾನತೆ ಗೊತ್ತಿರಲಿಲ್ಲ ಎಂದಲ್ಲ. ಶೆಫೀಲ್ಡ್ ಫೇರ್‌ನೆಸ್ ಕಮಿಷನ್ 2013ರ ವರದಿಯಲ್ಲಿ 83ನೇ ನಂಬರ್ ಬಸ್ಸಿನ ದಾರಿ ಹಿಡಿದು ಹೋಗುತ್ತದೆ. ಮಿಲ್‌ಹೌಸಸ್‌ನಲ್ಲಿ ಬಸ್ ಹತ್ತುವಾಗ ಆ ಕಡೆಯ ಹೆಂಗಸರ ನಿರೀಕ್ಷಿತ ಆಯುಷ್ಯ 86.3 ವರ್ಷ, ನಗರ ಕೇಂದ್ರಕ್ಕೆ ಬರುವಷ್ಟರಲ್ಲಿ 81.6, ಹತ್ತಿದ 40 ನಿಮಿಷಕ್ಕೆ ಬರ್ನ್‌ಗ್ರೀವ್ ತಲುಪಿದಾಗ 76.9. ಮರುವರ್ಷವೇ, 2014ರಲ್ಲಿ, ಎಲ್‌ಇಪಿಯ ಆರ್ಥಿಕ ಯೋಜನೆ ಬಂತು. ಅದರ ಗುರಿ ಹತ್ತು ವರ್ಷದಲ್ಲಿ ಖಾಸಗಿ ವಲಯದಲ್ಲಿ 70,000 ಉದ್ಯೋಗ, 6,000 ಹೊಸ ಉದ್ಯಮ. ಎರಡೂ ದಾಖಲೆ ಒಂದೇ ಊರಿನವು. ಒಂದರ ಬೆನ್ನಿಗೆ ಹಣ ಇತ್ತು, ಇನ್ನೊಂದರ ಬೆನ್ನಿಗೆ ಶಿಫಾರಸು. ನಿಮ್ಮ ಅಧ್ಯಾಯ ಇಲ್ಲಿಂದ ಶುರುವಾದರೆ ಚೆನ್ನ.

ಬಡಾವಣೆ ಮಟ್ಟದ ಅಂಕಿಗೆ ಅಲ್ಲಿನ ವಂಚಿತತೆಯ ಸೂಚ್ಯಂಕ ಬಳಸುತ್ತೀರಿ ಅಂದುಕೊಳ್ಳುತ್ತೇನೆ, 2019ರ ಆವೃತ್ತಿಯಲ್ಲಿ 32,844 ಸಣ್ಣ ಪ್ರದೇಶಗಳಿವೆ, ಒಂದೊಂದರಲ್ಲಿ ಸರಾಸರಿ 1,500 ಜನ. ಅದು ಸ್ಥಾನಪಟ್ಟಿ, ಅಳತೆಗೋಲಲ್ಲ. ಒಂದು ಬಡಾವಣೆ 900ನೇ ಸ್ಥಾನದಿಂದ 1,200ಕ್ಕೆ ಬಂತು ಎಂದರೆ ಅಲ್ಲಿ ಬಡತನ ಇಳಿಯಿತು ಎಂದಲ್ಲ, ಉಳಿದವು ಕೆಟ್ಟಿರಬಹುದು. ಈ ತಪ್ಪು ಅಚ್ಚಾದ ಲೇಖನಗಳಲ್ಲೂ ಇದೆ.

ನಡಾವಳಿಯ ‘ಅನುಮೋದಿಸಲಾಯಿತು’ ಬಗ್ಗೆ: ಕರ್ಮಣಿ ಪ್ರಯೋಗ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು ಕರ್ತೃ ಯಾರು ಎಂದು ಬದಿಯಲ್ಲಿ ಬರೆಯಿರಿ. ಬರೆಯಲು ಹೆಸರು ಸಿಗದ ವಾಕ್ಯಗಳನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಿ. ಆಮೇಲೆ ಡೀಲ್ ದಾಖಲೆ, ಸಂಸತ್ತಿನ ಆದೇಶ, ಅಶ್ಯೂರೆನ್ಸ್ ಫ್ರೇಮ್‌ವರ್ಕ್ (ಹಣದ ನಿರ್ಧಾರಗಳನ್ನು ಯಾರು ಹೇಗೆ ಮಾಡಬೇಕೆಂಬ ನಿಯಮಾವಳಿ) ಮೂರರಲ್ಲೂ ಆ ನಿರ್ಧಾರದ ಅಧಿಕಾರ ಯಾರ ಹೆಸರಿನಲ್ಲಿದೆ ಎಂದು ಹುಡುಕಿ. ಡೀಲ್ ದಾಖಲೆಯನ್ನೇ ಕಾನೂನು ಎಂದುಕೊಳ್ಳಬೇಡಿ. ಅದು ಒಪ್ಪಂದದ ಘೋಷಣೆ ಮಾತ್ರ, ಅಧಿಕಾರ ಹುಟ್ಟುವುದು ಆದೇಶದಲ್ಲಿ.

---

ಓದುಮೇಜು

ಕೊನೆಯ ಸಣ್ಣ ಪ್ರಶ್ನೆ. ಸ್ಕ್ರೂಟಿನಿ ಸಮಿತಿ ಇದೆಯಲ್ಲ, ಮೇಯರನ್ನು ಪ್ರಶ್ನಿಸುವ ಜಾಗ ಅದೇ ತಾನೇ? ಅದರ ನಡಾವಳಿ ಓದಿದರೆ ಪ್ರಯೋಜನ ಉಂಟೇ?

---

ಕಡತಪ್ರಿಯ

ಉಂಟು, ಆದರೆ ಮೊದಲು ಹಾಜರಿ ಪಟ್ಟಿ ನೋಡಿ. 2017ರ ಆದೇಶದ ಪ್ರಕಾರ ಈ ಸಮಿತಿಯ ಕೋರಂ ಮೂರನೇ ಎರಡು ಭಾಗ. ಸದಸ್ಯರು ಬೇರೆ ಬೇರೆ ಕೌನ್ಸಿಲ್‌ಗಳಿಂದ ಬರುವವರು, ತಮ್ಮ ಕೌನ್ಸಿಲ್‌ನ ಸಭೆಗಳ ನಡುವೆ ಬಿಡುವು ಮಾಡಿಕೊಂಡು ಬರಬೇಕು. 12 ಜನರ ಸಮಿತಿಯಲ್ಲಿ 5 ಜನ ತಪ್ಪಿಸಿಕೊಂಡರೆ ಸಭೆ ಔಪಚಾರಿಕವಾಗಿ ನಡೆಯುವಂತಿಲ್ಲ, ಬಂದವರು ಮಾತಾಡಿಕೊಂಡು ಹೋಗಬಹುದು, ನಿರ್ಣಯ ಮಾಡುವಂತಿಲ್ಲ. ಎಷ್ಟು ಸಭೆ ಕೋರಂ ಇಲ್ಲದೆ ಮುಗಿಯಿತು, ಆ ದಿನದ ಕಾರ್ಯಸೂಚಿಯಲ್ಲಿ ಯಾವ ಯೋಜನೆ ಇತ್ತು, ಅದೇ ವಿಷಯ ಪ್ರಾಧಿಕಾರದ ಮುಖ್ಯ ಸಭೆಗೆ ಯಾವ ದಿನ ಹೋಯಿತು ಎಂದು ಮೂರು ಕಲಮ್ಮಿನ ಪಟ್ಟಿ ಮಾಡಿ. ನಡಾವಳಿ ಪಿಡಿಎಫ್‌ಗಳನ್ನು ಇಳಿಸಿಕೊಳ್ಳುವಾಗ ಹಳೇ ಸಿಟಿ ರೀಜನ್ ಹೆಸರು, 2021ರ ನಂತರದ ಸೌತ್ ಯಾರ್ಕ್‌ಶೈರ್ ಹೆಸರು ಎರಡರಲ್ಲೂ ಹುಡುಕಿ, ಇಲ್ಲದಿದ್ದರೆ ಅರ್ಧ ಕೈತಪ್ಪುತ್ತದೆ.